ಹೊಳೆ ಏರುತ್ತಿದ್ದಾಗ ಅಣ್ಣ ಹೇಳಿದ್ದು

ನಮ್ಮೂರಿನವರು ಮಳೆಗೆ ಹೆದರುವುದಿಲ್ಲ. ನಮ್ಮ ಹೊಲದ ಮೇಲೆ ಒಂದು ಹನಿ ಬೀಳದಿದ್ದರೂ ಹೊಳೆ ಬರುತ್ತದೆ. ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದು ಆಣೆಕಟ್ಟಿನ ಬಾಗಿಲು ತೆರೆದರೆ ಸಾಕು, ಜುಗೂಳದ ಈಚೆ ನಮ್ಮ ದಂಡೆಯಲ್ಲಿ ಕೃಷ್ಣೆ ಸದ್ದಿಲ್ಲದೆ ಅಗಲವಾಗುತ್ತಾಳೆ. ಮೇಲೆ ಬಿಸಿಲು ಬಿದ್ದಿರುತ್ತದೆ. ಕಬ್ಬಿನ ಸಾಲಿನ ನಡುವೆ ಬಗ್ಗಿ ನೋಡಿದರೆ ನೀರು ಆಗಲೇ ಬಂದು ನಿಂತಿರುತ್ತದೆ. ನಾನು ನಿಪ್ಪಾಣಿಯವಳು, ತಂಬಾಕಿನ ಘಾಟಿನಲ್ಲಿ ಬೆಳೆದವಳು. ಮದುವೆಯಾಗಿ ಬಂದ ಮೊದಲ ವರ್ಷವೇ ಇದನ್ನು ಕಂಡು ಹೊಳೆಯ ಮೇಲೆ ಒಂದು ಅಪನಂಬಿಕೆ ಹುಟ್ಟಿತು. ಅದು ಇಂದಿಗೂ ಹೋಗಿಲ್ಲ.

ನಮ್ಮವರು ಇಲ್ಲಿಯ ಮಣ್ಣಿನವರೇ. ತಲೆತಲಾಂತರದಿಂದ ಎಮ್ಮೆ ಸಾಕಿದ ಮನೆತನ. ಕಾಲೇಜಿನ ದಿನಗಳಲ್ಲಿ ಅವರು ಯೇಸುವನ್ನು ನಂಬಿದರು. ಮನೆಯವರು ಒಂದಷ್ಟು ಕಾಲ ಮುನಿಸಿಕೊಂಡಿದ್ದರು, ಆಮೇಲೆ ಎಮ್ಮೆಗಳನ್ನು ಯಾರು ನೋಡಬೇಕು ಎಂಬ ಪ್ರಶ್ನೆ ಬಂದಾಗ ಸುಮ್ಮನಾದರು. ಬೆಳಿಗ್ಗೆ ಡೇರಿಗೆ ಹಾಲು ಹಾಕುವುದು, ಭಾನುವಾರ ಸಭೆ ನಡೆಸುವುದು, ಇದು ಅವರ ಬದುಕು. ಹೊಳೆಯ ಕಡೆ ಒಂದು ದಿಬ್ಬದ ಮೇಲೆ ತಗಡಿನ ಮಾಡು ಹಾಕಿ ಪ್ರಾರ್ಥನಾ ಮನೆ ಕಟ್ಟಿದ್ದರು. ಊರಿನಿಂದ ಅಲ್ಲಿಗೆ ಹೋಗಬೇಕೆಂದರೆ ತಗ್ಗಿನಲ್ಲಿ ಹಳ್ಳದ ಮೇಲಿನ ಸಣ್ಣ ಸೇತುವೆ ದಾಟಬೇಕು. ಬೇರೆ ದಾರಿ ಇಲ್ಲ.

ಅವರಿಗೊಬ್ಬ ಗೆಳೆಯರಿದ್ದರು. ಅಥಣಿಯಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದು ಓದಿದವರು. ಕ್ರೈಸ್ತರ ಮನೆಯಲ್ಲೇ ಹುಟ್ಟಿ ಬೆಳೆದ ಆ ಗೆಳೆಯರೇ ನಮ್ಮವರನ್ನು ಮೊದಲು ಸಭೆಗೆ ಕರೆದೊಯ್ದದ್ದು. ಈಗ ಕಾಗವಾಡದಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟಿದ್ದಾರೆ. ಅವರು ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಾರೆ, ನಾನು ಅವರನ್ನು ಅಣ್ಣ ಅನ್ನುತ್ತೇನೆ. ನಮ್ಮವರು ಸಭೆ ನಡೆಸಲು ಒಪ್ಪಿಕೊಂಡ ದಿನ ಅಣ್ಣನ ಕೈ ಹಿಡಿದು ಒಂದು ಮಾತು ಕೇಳಿದ್ದು ನನಗೆ ನೆನಪಿದೆ.

"ನಾ ಎಲ್ಲೆರೆ ದಾರಿ ಬಿಟ್ರ ನೀ ಬಾಯಿ ಮುಚ್ಚಿಕೊಂಡು ಕುಂದ್ರಬ್ಯಾಡ. ಮಂದಿ ಮುಂದ ಬ್ಯಾಡ, ನನ್ನ ಮುಂದ ಹೇಳು. ನಾ ಸಿಟ್ಟಿಗೆದ್ರೂ ಹೇಳು."

ಅಣ್ಣ ಆ ಮಾತನ್ನು ಅಕ್ಷರಶಃ ನಡೆಸಿದರು. ಶನಿವಾರ ಸಂಜೆ ಅಂಗಡಿ ಮುಚ್ಚಿ ಬರುತ್ತಿದ್ದರು. ಎಮ್ಮೆ ಕಟ್ಟುವ ಗೋಠೆಯ ಮುಂದೆ ಇಬ್ಬರೂ ಕೂತರೆ ಚಹಾ ತಣ್ಣಗಾಗುವ ತನಕ ಅಣ್ಣನ ಮಾತೇ. "ಹೋದ ವಾರ ಆ ಮುದುಕಿ ತನ್ನ ಸಂಕಟ ಹೇಳಾಕತ್ತಿದ್ಳು, ನೀ ಗಡಿಯಾರ ನೋಡಿದಿ." "ಸತ್ತವರ ಮನ್ಯಾಗ ಉಪದೇಶ ಮಾಡಬ್ಯಾಡ. ಸುಮ್ಮ ಅವರ ಬಾಜೂಕ ಕುಂದ್ರು." "ಇವತ್ತಿನ ಮಾತಿನ್ಯಾಗ ಯೇಸು ಕಡಿಮಿ ಬಂದ, ನೀನ ಹೆಚ್ಚ ಬಂದಿ." ನಮ್ಮವರ ಮುಖ ಕೆಂಪಾಗುತ್ತಿತ್ತು. ಮಾರನೆಯ ದಿನ ಆ ಮುದುಕಿಯ ಮನೆಗೆ ಹೋಗಿ ಕೂತು ಬರುತ್ತಿದ್ದರು.

ಸಿಟ್ಟು ಬರುತ್ತಿದ್ದದ್ದು ನನಗೆ. ಒಮ್ಮೆ ಚಹಾದ ಕಪ್ಪು ಇಡುತ್ತ ಕೇಳಿಯೇಬಿಟ್ಟೆ. "ಒಂದ್ ಸಲರೆ ಛಲೋ ಮಾತು ಹೇಳಬಾರದೇನ್ರಿ ಅಣ್ಣಾ?"

ಅಣ್ಣ ನಗಲಿಲ್ಲ. "ಛಲೋ ಹೇಳವರು ಇವಗ ಇನ್ನ ಮುಂದ ಭಾಳ ಸಿಗತಾರ ವೈನಿ. ಅವತ್ತ ನಿಮಗ ನನ್ನ ನೆನಪಾಗತೈತಿ."

ಆ ಮಾತು ನನಗೆ ಹಿಡಿಸಲಿಲ್ಲ. ಯಾರೋ ಮನೆಯ ಮೂಲೆಯಲ್ಲಿ ಏನನ್ನೋ ಇಟ್ಟು ಹೋದ ಹಾಗಾಯಿತು.

ಅದಾದ ಮೇಲೆ ಬಂದ ಮಳೆಗಾಲದಲ್ಲಿ ಹೊಳೆ ಜೋರಾಗಿ ಬಂತು. ಪ್ರಾರ್ಥನಾ ಮನೆಯ ದಿಬ್ಬದ ಬುಡ ಮುಟ್ಟಿತು. ನಮ್ಮವರು ದಂಡೆಯಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ಬೇಡಿಕೊಂಡರು ಅಷ್ಟೆ, ಕಣ್ಣಲ್ಲಿ ನೀರಿತ್ತು. ಅದೇ ಸಂಜೆ ಹೊಳೆ ಇಳಿಯತೊಡಗಿತು. ಸಭೆಗೆ ಬರುತ್ತಿದ್ದ ರಾಯಬಾಗ ಕಡೆಯ ಒಬ್ಬ ಗೊಬ್ಬರದ ಅಂಗಡಿಯವರು ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದರು. ಕೃಷ್ಣೆಯನ್ನು ನಿಲ್ಲಿಸಿದ ಪ್ರಾರ್ಥನೆ ಎಂದು ಬರೆದು ಊರೂರಿಗೆ ಕಳಿಸಿದರು. ವಾರದೊಳಗೆ ಅಥಣಿಯಿಂದ, ಚಿಕ್ಕೋಡಿಯಿಂದ, ಹೊಳೆಯಾಚೆಯ ಮರಾಠಿ ಊರುಗಳಿಂದ ಜನ ಬರತೊಡಗಿದರು. ಕೈ ಮುಗಿದರು, ಕಾಲಿಗೆ ಬೀಳಲು ಬಂದರು. ನಮ್ಮವರು ಮೊದಮೊದಲು ಹಿಂದೆ ಸರಿಯುತ್ತಿದ್ದರು. ಆಮೇಲೆ ಸುಮ್ಮನೆ ನಿಲ್ಲುತ್ತಿದ್ದರು.

ಆ ಶನಿವಾರ ಅಣ್ಣ ಚಹಾ ಮುಟ್ಟಲಿಲ್ಲ.

"ಆಣೆಕಟ್ಟಿನವರು ನೀರು ಬಿಡೂದು ಕಡಿಮಿ ಮಾಡ್ಯಾರ, ಹೊಳಿ ಇಳದೈತಿ. ಅದಕ್ಕೂ ದೇವರಿಗೆ ಸ್ತೋತ್ರ ಹೇಳೋಣು. ಆದ್ರ ಹೊಳಿ ನಿಲ್ಲಿಸಿದ್ದು ನೀ ಅಂತ ಮಂದಿ ಹೇಳಾಕತ್ತಾರ. ಭಾನುವಾರ ಎದ್ದು ನಿಂತು, ಅಲ್ಲ ಅನ್ನು."

"ಮಂದಿ ನಂಬಿಕಿ ಎದಕ್ಕ ಮುರೀಬೇಕು?"

"ಅವರ ನಂಬಿಕಿ ಯಾರ ಮ್ಯಾಲ ಐತಿ, ಮೊದಲ ಅದನ್ನ ನೋಡು."

ನಮ್ಮವರು ಎದ್ದು ಎಮ್ಮೆಗೆ ಮೇವು ಹಾಕಲು ಹೋದರು. ಹಾಕಿದ ಮೇವಿನ ಮೇಲೆಯೇ ಮತ್ತೆ ಹಾಕುತ್ತಿದ್ದರು. ಭಾನುವಾರ ಏನೂ ಹೇಳಲಿಲ್ಲ.

ಗೊಬ್ಬರದ ಅಂಗಡಿಯವರು ಈಗ ಮನೆಗೇ ಬರತೊಡಗಿದ್ದರು. ಮಾತು ಸಕ್ಕರೆಯಂಥದ್ದು. "ನಿಮ್ಮ ಗೆಳೆಯಾಗ ಹೊಟ್ಟಿಕಿಚ್ಚು ಐತ್ರಿ. ತಾನು ಕರಕೊಂಡು ಬಂದಾವ ತನಗಿಂತ ದೊಡ್ಡಾವ ಆದ ಅಂತ" ಎಂದರು ಒಂದು ದಿನ. ನಮ್ಮವರು ಬೇಡ, ಹಾಗೆ ಅನ್ನಬೇಡಿ ಎಂದರು. ಆದರೆ ಮುಂದಿನ ಶನಿವಾರ ಅಣ್ಣ ಮಾತು ತೆಗೆದಾಗ ಅದೇ ಪದ ಅವರ ಬಾಯಿಂದ ಬಂತು. "ನಿನಗ ಹೊಟ್ಟಿಕಿಚ್ಚು. ಇನ್ನ ಬರಬ್ಯಾಡ."

ಅಣ್ಣ ಎದ್ದರು. ಚಪ್ಪಲಿ ಮೆಟ್ಟುತ್ತ, "ನೀ ಬರಬ್ಯಾಡ ಅಂದ್ರ ಬರೂದಿಲ್ಲ. ಕರದ್ರ ಮಾತ್ರ ಯಾವಾಗ ಕರದ್ರೂ ಬರತೀನಿ" ಎಂದರು. ಹೋದರು.

ಆಮೇಲಿನ ಒಂದು ವರ್ಷ ನಮ್ಮ ಮನೆಯಲ್ಲಿ ಯಾರೂ ಯಾವುದಕ್ಕೂ ಅಲ್ಲ ಅನ್ನಲಿಲ್ಲ. ಹೊರಗಿನಿಂದ ನೋಡಿದವರಿಗೆ ಎಲ್ಲ ಚೆನ್ನಾಗಿತ್ತು. ಸಭೆಗೆ ಜಾಗ ಸಾಲದೆ ಹೊರಗೆ ಪೆಂಡಾಲ್ ಹಾಕಿದರು, ಧ್ವನಿವರ್ಧಕ ಬಂತು. ನನಗೆ ಮಾತ್ರ ಏನೋ ಕೊಳೆಯುತ್ತಿರುವ ವಾಸನೆ ಬರುತ್ತಿತ್ತು. ನಮ್ಮವರ ಧ್ವನಿ ಬದಲಾಗಿತ್ತು. ಮನೆಯಲ್ಲಿ ಉಪ್ಪು ಕೇಳುವಾಗಲೂ ಪೆಂಡಾಲಿನ ಧ್ವನಿ. "ನನಗ ಹಂಗ ಅನಿಸ್ತೈತಿ" ಎನ್ನುತ್ತಿದ್ದವರು "ದೇವರು ನನಗ ಹೇಳ್ಯಾನ" ಎನ್ನತೊಡಗಿದರು. ಯಾರಿಗೆ ಹೆಣ್ಣು ತರಬೇಕು, ಯಾರು ಯಾವ ಬೆಳೆ ಹಾಕಬೇಕು ಎಂಬುದಕ್ಕೂ ದೇವರೇ ಹೇಳಿರುತ್ತಿದ್ದ. ಒಮ್ಮೊಮ್ಮೆ ಮಾತಿನ ನಡುವೆ ಅವರು ಥಟ್ಟನೆ ನಿಂತು ಹಿಂದಿನ ಸಾಲಿನ ಕಡೆ ನೋಡುತ್ತಿದ್ದರು. ಅಣ್ಣ ಕೂರುತ್ತಿದ್ದ ಜಾಗ ಅದು. ಅಲ್ಲಿ ಬೇರೆ ಯಾರೋ ಕೂತು ಮೊಬೈಲ್ ಎತ್ತಿ ಹಿಡಿದಿರುತ್ತಿದ್ದರು.

ಮತ್ತೆ ಮಳೆಗಾಲ ಬಂತು. ಆ ಸಲ ಘಟ್ಟದಲ್ಲಿ ಮಳೆ ಬಿಡಲೇ ಇಲ್ಲ. ಪಂಚಾಯಿತಿಯವರು ಗಾಡಿಯಲ್ಲಿ ಮೈಕು ಕಟ್ಟಿಕೊಂಡು ಕೂಗುತ್ತ ಹೋದರು. ದಂಡೆಯ ಮನೆಯವರೆಲ್ಲ ಎತ್ತರದ ಹೈಸ್ಕೂಲಿಗೆ ಹೋಗಬೇಕು, ಅಲ್ಲಿ ಗಂಜಿ ಕೇಂದ್ರ ತೆರೆದಿದ್ದಾರೆ, ದನಕರು ಬಿಚ್ಚಿ ಒಯ್ಯಿರಿ ಎಂದು. ಜನ ಗಂಟುಮೂಟೆ ಕಟ್ಟತೊಡಗಿದರು. ಅವತ್ತು ಭಾನುವಾರ. ಗೊಬ್ಬರದ ಅಂಗಡಿಯವರು ಸಭೆಯಲ್ಲಿ ಎದ್ದು ನಿಂತು ಕೇಳಿದರು, "ಪಾಸ್ಟರ್ ಅವ್ರ, ಈ ಸಲ ದೇವರು ಏನಂತಾನ್ರಿ?"

ಎಲ್ಲರೂ ಅವರ ಮುಖ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಅವರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ನೀರು ಈ ಮನಿ ಹೊಸ್ತಿಲ ದಾಟೂದಿಲ್ಲ" ಎಂದರು.

ಸಂಜೆಯೊಳಗೆ ಹಲವು ಮನೆಯವರು ಹೈಸ್ಕೂಲಿಗೆ ಹೋಗುವುದು ಬಿಟ್ಟು ಹಾಸಿಗೆ, ಅಕ್ಕಿ, ಕೋಳಿ ಸಮೇತ ಪ್ರಾರ್ಥನಾ ಮನೆಗೆ ಬಂದರು. ನಾವೂ ಅಲ್ಲಿಗೇ ಬಂದೆವು. ಎಮ್ಮೆಗಳನ್ನು ಮಾತ್ರ ನಮ್ಮ ಮಾವನವರು ಯಾರ ಮಾತೂ ಕೇಳದೆ ಮೇಲಿನ ಹೊಲಕ್ಕೆ ಹೊಡೆದುಕೊಂಡು ಹೋಗಿದ್ದರು. ಬಂದವರಲ್ಲಿ ಒಬ್ಬ ಅತ್ತೆ, ಸೊಸೆ ಇದ್ದರು. ಸೊಸೆಗೆ ತುಂಬು ಬಸಿರು. ಗಂಡ ಇಚಲಕರಂಜಿಯ ಮಗ್ಗದಲ್ಲಿ ದುಡಿಯುತ್ತಿದ್ದ. ಆ ಹುಡುಗಿ ಗೋಡೆಗೆ ಒರಗಿ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. ಪಾದ ಊದಿ ಕಾಲುಂಗುರ ಚರ್ಮದಲ್ಲಿ ಹೂತುಹೋಗಿತ್ತು.

"ನಿನಗ ಹೈಸ್ಕೂಲಿಗೆ ಹೋಗೂದ ಛಲೋ ಅಲ್ಲೇನವಾ?" ಎಂದು ಮೆಲ್ಲಗೆ ಕೇಳಿದೆ.

"ಪಾಸ್ಟರ್ ಅವ್ರು ಇಲ್ಲೇ ಇರ್ರಿ ಅಂದಾರಲ್ರಿ ಅಕ್ಕಾ" ಎಂದಳು ಅವಳು. ಅವಳ ಕಣ್ಣಲ್ಲಿ ಅನುಮಾನದ ಎಳೆಯೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಕಬ್ಬಿನ ತುದಿಗಳಷ್ಟೇ ಕಾಣುತ್ತಿದ್ದವು. ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಬಣವೆ ಇಡಿಯಾಗಿ ತೇಲಿ ಹೋಯಿತು, ಅದರ ಮೇಲೊಂದು ನಾಯಿ ಕೂತಿತ್ತು. ಬೊಗಳುತ್ತಿರಲಿಲ್ಲ. ನಮ್ಮವರು ಒಳಗೆ ಹಾಡು ಹಾಡಿಸುತ್ತಿದ್ದರು. ನಾನು ಹಿಂದಿನ ಗೋಡೆಯ ಮರೆಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣಾ, ಅವರು ಕರದಿಲ್ಲ. ನಾ ಕರ್ಯಾಕತ್ತೀನಿ."

"ಬಂದೆ ವೈನಿ" ಎಂದರು. ಬೇರೇನೂ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಂದರು. ಸೇತುವೆಯಾಚೆ ಗಾಡಿ ನಿಲ್ಲಿಸಿ, ಮೊಣಕಾಲ ಮಟ್ಟದ ನೀರಿನಲ್ಲಿ ಕಂಬಿ ಹಿಡಿದು ದಾಟಿ ಬಂದಿದ್ದರು. ಪ್ಯಾಂಟಿನಿಂದ ನೀರು ಸುರಿಯುತ್ತಿತ್ತು. ಒಳಗೆ ಬರಲಿಲ್ಲ. ಬಾಗಿಲಲ್ಲಿ ನಿಂತು ನಮ್ಮವರಿಗೆ ಕೈ ಮಾಡಿದರು. ನಮ್ಮವರು ನನ್ನತ್ತ ಒಮ್ಮೆ ನೋಡಿದರು. ಆ ನೋಟ ನಾನು ಮರೆಯುವುದಿಲ್ಲ. ಆದರೂ ಎದ್ದು ಹೊರಗೆ ಹೋದರು. ನಾನೂ ಹಿಂದೆ ಹೋಗಿ ಗೋಡೆ ಹಿಡಿದು ನಿಂತೆ.

"ಹೆದರಿಸಾಕ ಬಂದಿ ಏನು?" ಎಂದರು ನಮ್ಮವರು. "ನೀರು ಬರೂದಿಲ್ಲ. ನಿನಗ ನಂಬಿಕಿ ಇಲ್ಲ."

"ನೀರು ಬರತೈತೋ ಇಲ್ಲೋ ನನಗ ಗೊತ್ತಿಲ್ಲ" ಎಂದರು ಅಣ್ಣ. "ಬರಲಿಕ್ಕೂ ಇಲ್ಲ. ನಾ ಹೊಳಿ ಸುದ್ದಿ ಹೇಳಾಕ ಬಂದಿಲ್ಲ, ನಿನ್ನ ಸುದ್ದಿ ಹೇಳಾಕ ಬಂದೀನಿ. ದೇವರು ನಿನಗ ಇದನ್ನ ಹೇಳ್ಯಾನೇನು? ನನ್ನ ಕಣ್ಣಾಗ ಕಣ್ಣಿಟ್ಟು ಹೇಳು. ಹೌದು ಅಂದ್ರ ನಾನೂ ಒಳಗ ಬಂದು ನಿನ್ನ ಬಾಜೂಕ ಕುಂದ್ರತೀನಿ."

ನಮ್ಮವರು ಹೊಳೆಯ ಕಡೆ ಮುಖ ತಿರುಗಿಸಿದರು.

"ನೀ ಇವರನ್ನ ಇಲ್ಲಿ ಇಟ್ಕೊಂಡಿದ್ದು ನಂಬಿಕಿಗೆ ಅಲ್ಲ. ನಿನ್ನ ಮಾತು ಸುಳ್ಳಾದೀತು ಅನ್ನೂ ಅಂಜಿಕಿಗೆ. ಗುಡಿ ಶಿಖರದ ಮ್ಯಾಲ ನಿಂದ್ರಿಸಿ, ಜಿಗಿ, ದೇವದೂತರು ಹಿಡೀತಾರ ಅಂತ ಯೇಸುಗ ಹೇಳಿದಾವ ಯಾರು? ಆ ಸೈತಾನನ ಮಾತು ಕೇಳಾಕತ್ತಿ. ಅದೂ ನೀ ಒಬ್ಬಾವ ಜಿಗ್ಯಾಕತ್ತಿಲ್ಲ. ಬಸರ ಹೆಂಗಸನ್ನ ಕೈ ಹಿಡಕೊಂಡು ಜಿಗ್ಯಾಕತ್ತಿ."

ನಮ್ಮವರು ಕೈ ಎತ್ತಿದರು. ಹೊಡೆದೇಬಿಡುತ್ತಾರೆ ಎಂದುಕೊಂಡೆ. ಅಣ್ಣ ಸರಿಯಲಿಲ್ಲ. "ಹೊಡಿ. ಹೊಡದು ಆದ್ಮ್ಯಾಲ ಒಳಗ ಹೋಗಿ ಖರೇ ಹೇಳು."

ಕೈ ಕೆಳಗಿಳಿಯಿತು. ಅವರು ದಿಬ್ಬದ ಅಂಚಿಗೆ ಹೋಗಿ ನೀರನ್ನು ನೋಡುತ್ತ ನಿಂತರು. ಒಳಗೆ ಯಾರೋ ಅದೇ ಹಾಡಿನ ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದರು. ತಿರುಗಿ ಬಂದಾಗ ಅವರ ಮುಖ ಜ್ವರ ಬಿಟ್ಟವರ ಮುಖದಂತಿತ್ತು. ಒಳಗೆ ಹೋಗಿ ಹಾಡು ನಿಲ್ಲಿಸಿದರು. ಧ್ವನಿವರ್ಧಕ ಮುಟ್ಟಲಿಲ್ಲ.

"ನಾ ಹೇಳಿದ್ದು ದೇವರ ಮಾತಲ್ಲ. ನನ್ನ ಮಾತು. ಏಳ್ರಿ, ಹೈಸ್ಕೂಲಿಗೆ ಹೋಗೂಣು."

ಯಾರೂ ಏಳಲಿಲ್ಲ. ಗೊಬ್ಬರದ ಅಂಗಡಿಯವರು ಕೇಳಿದರು, "ಹೋದ ವರ್ಷದ್ದು?"

"ಹೋದ ವರ್ಷ ನಾ ಬೇಡಿಕೊಂಡಿದ್ದೆ. ಹೊಳಿ ನಿಲ್ಲಿಸಿದ್ದು ನಾ ಅಲ್ಲ. ಅವತ್ತ ಹೇಳಬೇಕಾಗಿತ್ತು, ಹೇಳಲಿಲ್ಲ."

ಒಬ್ಬಳು ಮುದುಕಿ ಅಳತೊಡಗಿದಳು. ಮೊದಲು ಎದ್ದದ್ದು ಆ ಬಸುರಿ ಹುಡುಗಿಯ ಅತ್ತೆ. ಗಂಟು ತಲೆಯ ಮೇಲಿಟ್ಟುಕೊಂಡು ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಸೇತುವೆಯಾಚೆಯ ದ್ರಾಕ್ಷಿ ತೋಟದವರು ನಮ್ಮ ಸಭೆಯವರಲ್ಲ, ನಮ್ಮ ಧ್ವನಿವರ್ಧಕದ ಮೇಲೆ ಅವರಿಗೆ ಬೇಸರವೂ ಇತ್ತು. ಅಣ್ಣ ಹೋಗಿ ಕೇಳಿದ್ದೇ ತಡ ಟ್ರ್ಯಾಕ್ಟರ್ ತಂದರು. ಕೊನೆಯ ಸಲ ದಾಟುವಾಗ ನೀರು ಟ್ರಾಲಿಯ ಹಲಗೆಗೆ ಬಡಿಯುತ್ತಿತ್ತು. ಗೊಬ್ಬರದ ಅಂಗಡಿಯವರು ಕೊನೆಯವರಾಗಿ ಹತ್ತಿದರು.

ಹೈಸ್ಕೂಲಿನಲ್ಲಿ ತಾಟು ಹಿಡಿದು ಅನ್ನ ಸಾರಿಗೆ ಸಾಲು ನಿಂತಿದ್ದಾಗ ಆ ಹುಡುಗಿಗೆ ನೋವು ಬಂತು. ಜೊತೆಗೆ ರಕ್ತ. ಅವಳ ಅತ್ತೆ ತನ್ನ ಸೀರೆಯ ಸೆರಗನ್ನೇ ಹರಿದು ಕೊಟ್ಟಳು, ಅದೂ ತೊಯ್ದುಹೋಯಿತು. ಪಂಚಾಯಿತಿಯ ಜೀಪಿನಲ್ಲಿ ಮಿರಜಿಗೆ ಓಡಿದೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವಳು ನನ್ನ ಬೆರಳನ್ನು ಬಿಡಲಿಲ್ಲ. ಹಿಡಿತ ಸಡಿಲವಾದಾಗೆಲ್ಲ ನಾನು ಅವಳ ಕೆನ್ನೆ ತಟ್ಟುತ್ತಿದ್ದೆ. ಡಾಕ್ಟರು ನಮಗೆ ಏನೂ ವಿವರಿಸಲಿಲ್ಲ. ರಕ್ತ ಬೇಕು, ಯಾರದು ಹೊಂದುತ್ತದೆ ನೋಡಿ ಎಂದಷ್ಟೇ ಹೇಳಿ ಒಳಗೆ ಹೋದರು. ನಮ್ಮವರೂ ಅಣ್ಣನೂ ತೋಳು ಚಾಚಿ ಒಂದೇ ಬೆಂಚಿನ ಮೇಲೆ ಕೂತಿದ್ದರು. ನಮ್ಮವರದು ಹೊಂದಲಿಲ್ಲ. ಅಣ್ಣನದು ಹೊಂದಿತು.

ತಾಯಿ ಉಳಿದಳು. ಹೆಣ್ಣು ಮಗು, ಅದೂ ಉಳಿಯಿತು.

ನೀರು ಇಳಿದ ಮೇಲೆ ಎಲ್ಲರೂ ಪ್ರಾರ್ಥನಾ ಮನೆಗೆ ಹೋದೆವು. ಹಳ್ಳದ ಸೇತುವೆ ಅಷ್ಟೂ ದಿನ ಆಳೆತ್ತರದ ನೀರಿನಲ್ಲಿತ್ತು, ಅದರ ಕಂಬಿಗಳು ಕೊಚ್ಚಿಹೋಗಿದ್ದವು. ದಿಬ್ಬ ಹತ್ತಿ ಬಾಗಿಲು ತೆರೆದೆವು. ಒಳಗೆ ನೆಲ ಒಣಗಿತ್ತು. ಹೊರಗೆ ಮೆಟ್ಟಿಲ ಮೇಲೆ ಕೆಸರಿನ ಗೆರೆ ಇತ್ತು. ಅದಕ್ಕೂ ಹೊಸ್ತಿಲಿಗೂ ಒಂದು ಗೇಣು.

ಗೊಬ್ಬರದ ಅಂಗಡಿಯವರು ಮೊಬೈಲ್ ತೆಗೆದು ಆ ಗೆರೆಯ, ಒಣ ನೆಲದ ಚಿತ್ರ ತೆಗೆದರು.

"ನೋಡ್ರಿ" ಎಂದರು ನಮ್ಮವರಿಗೆ. "ದೇವರು ಮಾತು ನಡೆಸಿದ. ಕೈ ಬಿಟ್ಟವರು ನೀವು. ಆ ಗೆಳೆಯಾನ ಮಾತು ಕೇಳಿ ಕೆಟ್ರಿ."

ನಮ್ಮವರು ಅಣ್ಣನ ಕಡೆ ನೋಡಿದರು. ನನಗೆ ಭಯವಾಯಿತು. ಹೊಳೆಯ ದಿನ ಆಗಿದ್ದಕ್ಕಿಂತ ಹೆಚ್ಚು. ಮಾತು ನಿಜವಾಗಿತ್ತಲ್ಲ. ಈಗ ಒಂದು ಹೂಂ ಅಂದರೆ ಸಾಕಿತ್ತು, ಹೋದದ್ದೆಲ್ಲ ಇಮ್ಮಡಿಯಾಗಿ ತಿರುಗಿ ಬರುತ್ತಿತ್ತು.

"ನೀರು ಒಳಗ ಬಂದಿಲ್ಲ, ಖರೆ" ಎಂದರು ಅವರು. "ಸೇತುವಿ ಮುಳುಗಿತ್ತು, ಅದೂ ಖರೆ. ಆ ಹುಡುಗಿ ಇಲ್ಲೇ ಇದ್ದಿದ್ರ ಈ ಒಣ ನೆಲದ ಮ್ಯಾಲ ಸಾಯತಿದ್ಳು. ನನ್ನ ಮಾತು ಮಾತ್ರ ಉಳೀತಿತ್ತು."

"ಅವಳನ್ನ ದೇವರು ನೋಡ್ಕೋತಿದ್ದ."

"ನೋಡ್ಕೊಂಡಾನ. ಇವನ್ನ ಕಳಿಸಿ" ಎಂದು ಅಣ್ಣನ ಭುಜದ ಮೇಲೆ ಕೈ ಇಟ್ಟರು.

ಅಣ್ಣ ಆ ಕೈಯನ್ನು ಮೆಲ್ಲಗೆ ತೆಗೆದರು. "ನನ್ನನ್ನೂ ದೇವದೂತ ಮಾಡಬ್ಯಾಡಪಾ. ಅದ ಚಟ ಮತ್ತ ಸುರು ಆಗತೈತಿ."

ಆ ಕ್ಷಣದಲ್ಲೂ ತಿದ್ದಿದರು! ನಾನು ನಕ್ಕುಬಿಟ್ಟೆ. ನಕ್ಕವಳು ನಾನೊಬ್ಬಳೇ.

ಸಭೆಯಲ್ಲಿ ಬಹುಪಾಲು ಜನ ಆ ತಿಂಗಳೇ ಹೋದರು. ಕೆಲವರು ಬೈದು ಹೋದರು, ಹೆಚ್ಚಿನವರು ಸುಮ್ಮನೆ ಬರುವುದು ಬಿಟ್ಟರು. ನಂಬಿಕೆ ಕಳೆದುಕೊಂಡ ಪಾಸ್ಟರ್ ಎಂಬ ಹೆಸರು ಕೊಗನೊಳ್ಳಿಯಲ್ಲಿರುವ ನನ್ನ ತಂಗಿಯ ಮನೆಯವರೆಗೂ ಹೋಗಿ ಮುಟ್ಟಿತು. ಪೆಂಡಾಲ್ ಬಿಚ್ಚಿದೆವು. ನಮ್ಮವರು ಈಗ ಮನೆಯಲ್ಲಿ ಮೊದಲಿನ ಧ್ವನಿಯಲ್ಲಿ ಉಪ್ಪು ಕೇಳುತ್ತಾರೆ. ಭಾನುವಾರ ಮಾತು ಮುಗಿಸಿದ ಮೇಲೆ, ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ಹೇಳಿ ಎಂದು ಕೂತವರನ್ನು ಕೇಳುತ್ತಾರೆ. ಹಳ್ಳಿಯ ಜನಕ್ಕೆ ಅದು ಸುಲಭವಲ್ಲ. ತಲೆ ತಗ್ಗಿಸುತ್ತಾರೆ. ಒಮ್ಮೆ ಒಬ್ಬಾಕೆ ಮಾತ್ರ ಸೆರಗು ಬಾಯಿಗೆ ಹಿಡಿದು, "ಭಾಳ ಉದ್ದ ಆತ್ರಿ" ಎಂದಳು.

ಗೊಬ್ಬರದ ಅಂಗಡಿಯವರು ರಾಯಬಾಗದ ಹತ್ತಿರ ತಮ್ಮದೇ ಕೂಟ ಕಟ್ಟಿದ್ದಾರೆ. ಆ ಒಣ ನೆಲದ ಚಿತ್ರವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾರಂತೆ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವುದು ನಂಬಿಕೆ ಇಲ್ಲದವರ ಲಕ್ಷಣ ಎಂದು ಹೇಳುತ್ತಾರೆಂಬ ಸುದ್ದಿ ಬಂದಾಗ ನಮ್ಮವರು ಊಟದ ತಟ್ಟೆಯಿಂದ ಎದ್ದರು. ಅವರಿಗೆ ಆ ದಾರಿ ತೋರಿಸಿದ್ದು ನಾನೇ ಎಂದರು. ಅಣ್ಣನನ್ನು ಕರೆದುಕೊಂಡು ಹೋದರು. ಆ ಕೂಟದವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಇಬ್ಬರೂ ಮತ್ತೆ ಹೋದರು. ಆಗ ಜನ ಸೇರಿ ಗಾಡಿಯ ಗಾಳಿ ಬಿಟ್ಟರು. ಇಬ್ಬರೂ ಬಿಸಿಲಲ್ಲಿ ಗಾಡಿ ತಳ್ಳುತ್ತ ನಡೆದು ಬಂದರು.

ಮೊನ್ನೆ ಮತ್ತೆ ಹೋಗಿದ್ದರು. ಆ ಸಲವೂ ಒಳಗೆ ಬಿಡಲಿಲ್ಲ. ಕಿಟಕಿಯ ಹೊರಗೆ ನಿಂತೇ ನಮ್ಮವರು ಹೇಳಬೇಕಾದ್ದನ್ನು ಹೇಳಿದರಂತೆ. ತಿರುಗಿ ಹೊರಟಾಗ ಗೊಬ್ಬರದ ಅಂಗಡಿಯವರ ಹೆಂಡತಿ ಹಿತ್ತಲಿನಿಂದ ಓಡುತ್ತ ದಾರಿಗೆ ಬಂದು, ಹಿಂದೆ ಮುಂದೆ ನೋಡಿ, ಪಿಸುಗುಟ್ಟಿದಳಂತೆ.

"ನೀವು ಬರೂದು ಬಿಡಬ್ಯಾಡ್ರಿ. ನಮ್ಮ ಮನಿಯವರೂ ಸಕ್ಕರಿ ಗುಳಿಗಿ ಬಿಟ್ಟಾರ. ಕಾಲಿಗೆ ಮುಳ್ಳ ಚುಚ್ಚಿದ್ದು ಮಾಯಾಕತ್ತಿಲ್ಲ. ಬೆರಳು ಕರ್ರಗಾಗಾಕತ್ತಾವ. ಯಾರ ಮುಂದೂ ಹೇಳಬ್ಯಾಡ ಅಂದಾರ. ಅವರಿಗೆ ಎದುರಾಡವರು ನಮ್ಮ ಮನ್ಯಾಗ ಯಾರೂ ಇಲ್ರಿ."

ನಾಳೆ ಬೆಳಿಗ್ಗೆ ಹಾಲು ಹಾಕಿ ಇಬ್ಬರೂ ಮತ್ತೆ ಹೊರಡುತ್ತಾರೆ. ಈ ಸಲ ನಾನೂ ಹೋಗುತ್ತಿದ್ದೇನೆ. ಗಂಡಸರನ್ನು ಬಾಗಿಲಲ್ಲಿ ತಡೆದರೂ ಹೆಂಗಸರನ್ನು ಹಿತ್ತಲಿನಿಂದ ಒಳಗೆ ಬಿಡುತ್ತಾರೆ. ಗೊಬ್ಬರದ ಅಂಗಡಿಯವರ ಮುಂದೆ ಕೂತು ಏನು ಹೇಳಬೇಕೋ ನನಗಿನ್ನೂ ತಿಳಿದಿಲ್ಲ. ಆ ಬೆರಳುಗಳನ್ನು ಮೊದಲು ನೋಡಬೇಕು.